ಹಸಿರು ಸಿಪ್ಪೆಯ ಮೋಸಂಬಿ ಕಾಯಿ ಅಲ್ಲ: ಸಿಹಿ ಕಿತ್ತಳೆಯ ರುಚಿ ಎಲ್ಲಿಂದ ಬರುತ್ತದೆ?

ವಿಜಯಪುರದ ಗಾಂಧಿ ಚೌಕದ ಕಡೆ ಹಣ್ಣಿನ ಗಾಡಿಗಳ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಇವು ಇನ್ನಾ ಹಸರ ಅದಾವಲ್ರೀ, ಹಣ್ಣಾಗಿದ್ದು ನೋಡಿ ಹಾಕ್ರಿ.’ ಗಾಡಿಯವರು ವಾದಕ್ಕೆ ಇಳಿಯುವುದಿಲ್ಲ. ರಾಶಿಯಲ್ಲಿ ಹಳದಿಗೆ ತಿರುಗಿದ ಮೋಸಂಬಿ ಹುಡುಕಿ ತಕ್ಕಡಿಗೆ ಹಾಕುತ್ತಾರೆ. ಪಕ್ಕದಲ್ಲೇ ಸ್ಟಿಕರ್ ಅಂಟಿಸಿದ, ಹೊಳೆಯುವ ಕೇಸರಿ ಬಣ್ಣದ ಹಣ್ಣು ಜಾಸ್ತಿ ರೇಟಿಗೆ ಕೂತಿರುತ್ತದೆ. ಅದನ್ನು ನೋಡಿದ ಮೇಲೆ ಮೋಸಂಬಿ ಸ್ವಲ್ಪ ಕೆಳದರ್ಜೆಯ ಹಣ್ಣು ಅನ್ನಿಸುವುದು ಸಹಜ. ಆದರೆ ಬಣ್ಣ, ಗಾತ್ರ, ಹೊಳಪು ಇವು ಒಳಗಿನ ರುಚಿಯ ಬಗ್ಗೆ ಹೇಳುವುದು ತೀರಾ ಕಡಿಮೆ, ಕೆಲವು ಸಲ ಸುಳ್ಳೇ ಹೇಳುತ್ತವೆ. ಯಾವ ತಳಿ, ಕೈಗೆ ಎಷ್ಟು ಭಾರ, ಗಿಡದಿಂದ ಯಾವಾಗ ಇಳಿಸಿದ್ದು, ರುಚಿ ನಿಂತಿರುವುದು ಇವುಗಳ ಮೇಲೆ.

ಮೊದಲು ಯಾವುದು ಯಾವ ಗುಂಪು ಅಂತ ನೋಡಿಬಿಡೋಣ. ಸಿಪ್ಪೆ ಬೆರಳಿನಲ್ಲೇ ಸಲೀಸಾಗಿ ಬಿಚ್ಚಿಕೊಳ್ಳುವ ನಾಗಪುರದ ಸಂತ್ರಾ, ಕೊಡಗಿನ ಕಿತ್ತಳೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಪಂಜಾಬ್ ಕಡೆಯಿಂದ ಬರುವ ಕಿನ್ನೋ, ಇವೆಲ್ಲ ಮ್ಯಾಂಡರಿನ್ ಗುಂಪು. ಕಿನ್ನೋ ಅಂತೂ ಕ್ಯಾಲಿಫೋರ್ನಿಯಾದಲ್ಲಿ ಕಿಂಗ್ ಮತ್ತು ವಿಲ್ಲೋ ಲೀಫ್ ಅನ್ನುವ ಎರಡು ಮ್ಯಾಂಡರಿನ್‌ಗಳನ್ನು ಸೇರಿಸಿ ಮಾಡಿದ ತಳಿ, 1935ರಲ್ಲಿ ಹೊರಗೆ ಬಂತು. ಸಿಪ್ಪೆ ತೊಳೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದು, ಬಿಡಿಸಲು ಚಾಕು ಬೇಕಾಗುತ್ತದಲ್ಲ, ಅದು ಸಿಹಿ ಕಿತ್ತಳೆ ಗುಂಪು. ನಮ್ಮ ಮೋಸಂಬಿ ಈ ಗುಂಪಿನದೇ. ಆಂಧ್ರದ ಸಾತ್‌ಗುಡಿ, ಉತ್ತರ ಭಾರತದ ಮಾಲ್ಟಾ, ಹೊರದೇಶದಿಂದ ಬರುವ ನೇವಲ್ ಮತ್ತು ವಲೆನ್ಸಿಯಾ ಕೂಡ ಇದರವೇ. ಮೋಸಂಬಿಯನ್ನು ಲಿಂಬೆಯ ಜಾತಿಗೆ ಸೇರಿಸುವವರು ಬಹಳ ಜನ ಇದ್ದಾರೆ, ಆದರೆ ನಮ್ಮ ಇಂಡಿ ತಾಲ್ಲೂಕಿನ ಲಿಂಬೆಗಿಂತ ಅದು ವಲೆನ್ಸಿಯಾಕ್ಕೆ ಎಷ್ಟೋ ಹತ್ತಿರ. ಇನ್ನೂ ಹಿಂದಕ್ಕೆ ಹೋದರೆ ಸಿಹಿ ಕಿತ್ತಳೆ ಅನ್ನುವುದೇ ಚಕ್ಕೋತ ಮತ್ತು ಮ್ಯಾಂಡರಿನ್ ಬೆರೆತು ಹುಟ್ಟಿದ ಹಣ್ಣು ಅಂತ ಅದರ ವಂಶವಾಹಿಗಳನ್ನು ಓದಿದವರು ತೋರಿಸಿದ್ದಾರೆ.

ಈಗ ಸಿಹಿಯ ವಿಷಯ. ಇಲ್ಲೇ ಎಲ್ಲರೂ ಎಡವುವುದು.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಬ್ರಿಕ್ಸ್ ಅನ್ನುವ ಅಳತೆ ಹೊಸದಲ್ಲ. ಕಿಸೆಯಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣ ಮೀಟರ್ ಮೇಲೆ ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಅದು ರಸದಲ್ಲಿ ಕರಗಿರುವ ಒಟ್ಟು ಘನವಸ್ತುವಿನ ಅಳತೆ, ಅದರಲ್ಲಿ ದೊಡ್ಡ ಪಾಲು ಸಕ್ಕರೆ. ಕಿತ್ತಳೆಯಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಮೂರೂ ಇರುತ್ತವೆ, ಹೆಚ್ಚುಕಮ್ಮಿ ಎರಡಕ್ಕೆ ಒಂದು, ಒಂದು ಅನ್ನುವ ಪ್ರಮಾಣದಲ್ಲಿ. ಹಾಗಾದರೆ ಬ್ರಿಕ್ಸ್ ಜಾಸ್ತಿ ಇದ್ದ ಹಣ್ಣೇ ಜಾಸ್ತಿ ಸಿಹಿ ಅಂತ ತಾನೇ? ಅಲ್ಲ. ನಾಲಿಗೆ ಸಕ್ಕರೆಯನ್ನು ಒಂಟಿಯಾಗಿ ನೋಡುವುದೇ ಇಲ್ಲ. ಹುಣಸೆ ಜಾಸ್ತಿಯಾದ ಸಾರಿಗೆ ಎಷ್ಟು ಬೆಲ್ಲ ಹಾಕಿದರೂ ಸಿಹಿ ಮೇಲೆ ಬರುವುದಿಲ್ಲ ನೋಡಿ, ಕಿತ್ತಳೆಯಲ್ಲೂ ಅದೇ ನಡೆಯುತ್ತದೆ. ಅಲ್ಲಿ ಹುಣಸೆಯ ಜಾಗದಲ್ಲಿ ಸಿಟ್ರಿಕ್ ಆಮ್ಲ ಇದೆ. ಹುಳಿ ಸಿಹಿಯನ್ನು ಒತ್ತುತ್ತದೆ, ಸಿಹಿ ಹುಳಿಯನ್ನು ಒತ್ತುತ್ತದೆ, ಕೊನೆಗೆ ಉಳಿದದ್ದು ನಮಗೆ ಸಿಗುತ್ತದೆ.

ಹಾಗಾಗಿ ವ್ಯಾಪಾರದವರು ಬ್ರಿಕ್ಸನ್ನು ಹುಳಿಯಿಂದ ಭಾಗಿಸಿ ಒಂದು ಅನುಪಾತ ಇಟ್ಟುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ವರ್ಷ ಕಿತ್ತಳೆ ಮಾರಲು 8ಕ್ಕೆ 1 ಇದ್ದರೆ ಸಾಕು ಅನ್ನುವ ನಿಯಮ ಇತ್ತು. ಆಮೇಲೆ ಅವರಿಗೂ ಅದರ ಕಷ್ಟ ಗೊತ್ತಾಯಿತು. ಲೆಕ್ಕ ಹಾಕಿ ನೋಡೋಣ. ಒಂದು ಹಣ್ಣಿನ ಬ್ರಿಕ್ಸ್ 8, ಹುಳಿ ಶೇ 0.3 ಅಂತ ಇಟ್ಟುಕೊಳ್ಳಿ. ಅನುಪಾತ 26 ದಾಟುತ್ತದೆ, ಕಾಗದದ ಮೇಲೆ ಭರ್ಜರಿ ಹಣ್ಣು. ಬಾಯಿಗೆ ಹಾಕಿದರೆ ಸಪ್ಪೆ, ನೀರು ನೀರು. ಇನ್ನೊಂದರ ಬ್ರಿಕ್ಸ್ 12, ಹುಳಿ ಶೇ 1.2. ಅನುಪಾತ ಬರೀ 10, ಆದರೆ ತಿಂದವರು ‘ಹಣ್ಣು ಅಂದರೆ ಇದು’ ಅನ್ನುವ ಸಾಧ್ಯತೆ ಇದಕ್ಕೇ ಜಾಸ್ತಿ. ಈಗ ಅವರು ನೇವಲ್ ಹಣ್ಣಿಗೆ ಬೇರೆ ಸೂತ್ರ ಬಳಸುತ್ತಾರೆ: ಬ್ರಿಕ್ಸ್‌ನಿಂದ ಹುಳಿಯ ನಾಲ್ಕು ಪಟ್ಟು ಕಳೆದು, ಬಂದದ್ದನ್ನು 16.5ರಿಂದ ಗುಣಿಸುವುದು. 90 ಮುಟ್ಟಿದರೆ ಪಾಸು. ಮೇಲಿನ ಎರಡು ಹಣ್ಣಿಗೆ ಹಾಕಿ ನೋಡಿ, ಮೊದಲನೆಯದಕ್ಕೆ ಸುಮಾರು 112, ಎರಡನೆಯದಕ್ಕೆ ಸುಮಾರು 119 ಬರುತ್ತದೆ. ಭಾಗಾಕಾರ ಮಾಡಿದಾಗ ತೀರಾ ಹಿಂದೆ ಬಿದ್ದಿದ್ದ ಹಣ್ಣು ವ್ಯವಕಲನ ಮಾಡಿದಾಗ ಮುಂದೆ ಬಂತು. ಹುಳಿಯನ್ನು ನಾಲ್ಕು ಪಟ್ಟು ಮಾಡುವುದು ಯಾಕೆ ಅಂದರೆ, ನಾಲಿಗೆಗೆ ಸ್ವಲ್ಪ ಹುಳಿಯೂ ದೊಡ್ಡದಾಗಿ ಕಾಣುತ್ತದೆ.

ಮೋಸಂಬಿಯ ಗುಟ್ಟು ಇದರಲ್ಲೇ ಇದೆ. ಅದರ ಸಕ್ಕರೆ ಬೇರೆ ಸಿಹಿ ಕಿತ್ತಳೆಗಳಿಗಿಂತ ಜಾಸ್ತಿ ಇರುವುದಿಲ್ಲ, ಹಲವು ಸಲ ಕಡಿಮೆಯೇ. ಸಾಮಾನ್ಯವಾಗಿ ಬ್ರಿಕ್ಸ್ 9ರಿಂದ 11ರ ಆಸುಪಾಸು. ಆದರೆ ಹುಳಿ ಬಹಳ ಕಮ್ಮಿ, ಶೇ 0.5 ಮುಟ್ಟುವುದೂ ಅಪರೂಪ. ಒತ್ತುವ ಹುಳಿ ಇಲ್ಲದ ಕಾರಣ ಇದ್ದಷ್ಟು ಸಕ್ಕರೆ ಪೂರ್ತಿ ಮೇಲೆ ಕಾಣುತ್ತದೆ. ಜ್ವರ ಬಂದು ಬಾಯಿ ಕೆಟ್ಟವರಿಗೆ, ಬಾಯಲ್ಲಿ ಹುಣ್ಣಾದವರಿಗೆ, ಚಿಕ್ಕ ಮಕ್ಕಳಿಗೆ ಇದೇ ಹಿಡಿಸುವುದು ಅದಕ್ಕೇ, ಆಸ್ಪತ್ರೆಯ ಗೇಟಿನ ಮುಂದೆ ಮೋಸಂಬಿ ಗಾಡಿ ನಿಲ್ಲುವುದೂ ಅದಕ್ಕೇ. ಆದರೆ ಇದೇ ಗುಣ ಅದರ ದೋಷವೂ ಹೌದು. ಹುಳಿಯ ಆಸರೆ ಇಲ್ಲದ ಹಣ್ಣಿನಲ್ಲಿ ಸಕ್ಕರೆ ಸ್ವಲ್ಪ ಕಮ್ಮಿಯಾದರೂ ಮುಚ್ಚಿಡಲು ಏನೂ ಇಲ್ಲ, ನೇರವಾಗಿ ಸಪ್ಪೆ. ವಲೆನ್ಸಿಯಾದಲ್ಲಿ ಹಾಗಲ್ಲ, ಬ್ರಿಕ್ಸ್ ಒಂದು ಅಂಶ ಕಮ್ಮಿಯಾದರೂ ಅದರ ಹುಳಿ ರುಚಿಯನ್ನು ಎತ್ತಿ ಹಿಡಿದಿರುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಮೋಸಂಬಿ ಆರಿಸುವುದು ಒಳ್ಳೆಯ ವಲೆನ್ಸಿಯಾ ಆರಿಸುವುದಕ್ಕಿಂತ ಕಷ್ಟದ ಕೆಲಸ. ಅಂದ ಹಾಗೆ, ಹುಳಿ ಜಾಸ್ತಿ ಇದ್ದರೆ ವಿಟಮಿನ್ ಸಿ ಜಾಸ್ತಿ ಅನ್ನುವ ನಂಬಿಕೆಗೆ ಆಧಾರ ಇಲ್ಲ. ಹುಳಿ ಬರುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲದಿಂದ. ವಿಟಮಿನ್ ಸಿ ಇರುವುದು 100 ಗ್ರಾಂ ಹಣ್ಣಿಗೆ ಸುಮಾರು 50 ಮಿಲಿಗ್ರಾಂ, ಅದು ನಾಲಿಗೆಗೆ ಬೇರೆಯಾಗಿ ಗೊತ್ತಾಗುವುದೇ ಇಲ್ಲ.

ಬಣ್ಣಕ್ಕೆ ಬರೋಣ. ಸಿಪ್ಪೆಯ ಹಸಿರು ಹೋಗಿ ಕೇಸರಿ ಕಾಣಬೇಕಾದರೆ ಚಳಿ ಬೇಕು. ರಾತ್ರಿಯ ತಾಪಮಾನ ಸುಮಾರು 13 ಡಿಗ್ರಿಯ ಕೆಳಗೆ ಹೋದರೆ ಹಸಿರು ಬಣ್ಣಕ್ಕೆ ಕಾರಣವಾದ ಕ್ಲೋರೋಫಿಲ್ ಬೇಗ ಒಡೆಯುತ್ತದೆ, ಅಡಿಯಲ್ಲಿದ್ದ ಕೆರೋಟಿನಾಯ್ಡ್ ಬಣ್ಣಗಳು ಹೊರಗೆ ಕಾಣುತ್ತವೆ. ಬಿಸಿ ಸೀಮೆಯಲ್ಲಿ ಆ ಚಳಿ ಸಿಗಲ್ಲ, ಒಳಗೆ ಹಣ್ಣು ಪೂರ್ತಿ ಬಲಿತರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ವಲೆನ್ಸಿಯಾದಲ್ಲಿ ಇನ್ನೂ ವಿಚಿತ್ರ ಇದೆ. ಚಳಿಗಾಲದಲ್ಲಿ ಚೆಂದ ಕೇಸರಿ ಆದ ಹಣ್ಣು ಗಿಡದಲ್ಲೇ ಬಿಟ್ಟರೆ ಬಿಸಿಲು ಏರಿದಂತೆ ತೊಟ್ಟಿನ ಕಡೆಯಿಂದ ಮತ್ತೆ ಹಸಿರಾಗುತ್ತದೆ, ಅಷ್ಟರಲ್ಲಿ ಒಳಗಿನ ಸಿಹಿ ಇನ್ನೂ ಹೆಚ್ಚಾಗಿರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಮಾಡುವ ಕೋಡೆಕ್ಸ್‌ನವರು ಕೂಡ ಇದನ್ನು ಒಪ್ಪಿಕೊಂಡು, ಕಿತ್ತಳೆಯ ನಿಯಮದಲ್ಲಿ ಮೋಸಂಬಿ, ಸಾತ್‌ಗುಡಿ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಸಿಪ್ಪೆಯ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹಸಿರಿದ್ದರೂ ಈ ತಳಿಗಳಿಗೆ ಶೇ 33 ರಸ ಇದ್ದರೆ ಸಾಕು. ಬೇರೆ ತಳಿಯ ಹಸಿರು ಹಣ್ಣಿಗೆ ಮಾತ್ರ ಶೇ 45 ಬೇಕು. ಅಂದರೆ ಮೋಸಂಬಿಯ ಹಸಿರನ್ನು ಅನುಮಾನದಿಂದ ನೋಡಬೇಡಿ ಅಂತಲೇ ಅರ್ಥ.

ಹಾಗಾದರೆ ಆಗಸ್ಟ್–ಸೆಪ್ಟೆಂಬರಿನಲ್ಲೂ ಕೆಲವು ಹಣ್ಣು ಪೂರ್ತಿ ಹಳದಿ ಇರುತ್ತದಲ್ಲ, ಅದು ಹೇಗೆ? ಎಥಿಲೀನ್ ಅನಿಲದಿಂದ. ಮುಚ್ಚಿದ ಕೋಣೆಯಲ್ಲಿ ತೇವ ಜಾಸ್ತಿ ಇಟ್ಟು, ಲಕ್ಷಕ್ಕೆ ಒಂದು ಪಾಲಿಗಿಂತ ಕಮ್ಮಿ ಎಥಿಲೀನ್ ಬಿಟ್ಟರೂ ಎರಡು ಮೂರು ದಿನದಲ್ಲಿ ಹಸಿರು ಹೋಗುತ್ತದೆ. ನಮ್ಮ ದೇಶದಲ್ಲಿ ಎಥಿಲೀನ್‌ಗೆ ಅನುಮತಿ ಇದೆ, ಕ್ಯಾಲ್ಸಿಯಂ ಕಾರ್ಬೈಡ್‌ಗೆ ಇಲ್ಲ. ಆದರೆ ಒಂದು ಮಾತು ನೆನಪಿಡಿ, ಎಥಿಲೀನ್ ಬದಲಾಯಿಸುವುದು ಸಿಪ್ಪೆಯನ್ನು ಮಾತ್ರ. ಬಾಳೆ, ಮಾವಿನಲ್ಲಿ ಪಿಷ್ಟ ಇರುತ್ತದೆ, ಕೊಯ್ದ ಮೇಲೆ ಅದು ಸಕ್ಕರೆಯಾಗುತ್ತದೆ. ಕಿತ್ತಳೆಯಲ್ಲಿ ಹಾಗೆ ಕೂಡಿಟ್ಟ ಪಿಷ್ಟವೇ ಇಲ್ಲ. ಗಿಡದಿಂದ ಇಳಿಸಿದ ದಿನ ಎಷ್ಟು ಸಕ್ಕರೆ ಇತ್ತೋ ಅಷ್ಟೇ. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೂ ಮೋಸಂಬಿ ಸಿಹಿಯಾಗಲ್ಲ. ಇಟ್ಟಷ್ಟು ದಿನ ಹುಳಿ ನಿಧಾನಕ್ಕೆ ಇಳಿಯುತ್ತದೆ, ಅದರಿಂದ ಸ್ವಲ್ಪ ಸಿಹಿಯಾದ ಹಾಗೆ ಅನ್ನಿಸಬಹುದು, ಅಷ್ಟೆ.

ಒಳಗಿನ ಬಣ್ಣದ ಕತೆ ಬೇರೆ. ಕೆಂಪು ತಿರುಳಿನ ಬ್ಲಡ್ ಆರೆಂಜ್ ಇದೆಯಲ್ಲ, ಅದರ ಕೆಂಪಿಗೆ ಆಂಥೋಸಯಾನಿನ್ ಕಾರಣ, ನೇರಳೆ ಹಣ್ಣಿನಲ್ಲಿ ಇರುವ ಗುಂಪಿನ ಬಣ್ಣವೇ. ಅದು ಮೂಡಲು ಹಗಲು ಬಿಸಿಲು, ರಾತ್ರಿ ಗಟ್ಟಿ ಚಳಿ ಎರಡೂ ಬೇಕು. ಇಟಲಿಯ ಸಿಸಿಲಿಯಲ್ಲಿ ಎಟ್ನಾ ಜ್ವಾಲಾಮುಖಿಯ ಸುತ್ತಮುತ್ತ ಮೋರೊ, ಟರೊಕ್ಕೊ ತಳಿಗಳು ಚೆನ್ನಾಗಿ ಬರುವುದು ಆ ಹವೆಯಿಂದ. ಅದೇ ಗಿಡ ತಂದು ನಮ್ಮ ಬಯಲಲ್ಲಿ ನೆಟ್ಟರೆ ಹಣ್ಣು ಬರಬಹುದು, ಕೆಂಪು ಬರುವುದು ಕಷ್ಟ. ಕಾರಾ ಕಾರಾ ಅನ್ನುವ ನೇವಲ್‌ನ ಗುಲಾಬಿ ತಿರುಳು ಮಾತ್ರ ಬೇರೆ, ಅದು ಟೊಮೆಟೊದಲ್ಲಿರುವ ಲೈಕೋಪೀನ್. 1976ರಲ್ಲಿ ವೆನೆಜುವೆಲಾದ ಒಂದು ತೋಟದಲ್ಲಿ ಸಿಕ್ಕ ತಳಿ ಅದು.

ಇನ್ನು ವಾಸನೆ. ಮೂಗು ಮುಚ್ಚಿಕೊಂಡು ಒಂದು ತೊಳೆ ತಿಂದು ನೋಡಿ. ಸಿಹಿ ಗೊತ್ತಾಗುತ್ತದೆ, ಹುಳಿ ಗೊತ್ತಾಗುತ್ತದೆ, ಕಿತ್ತಳೆ ಮಾತ್ರ ಗೊತ್ತಾಗಲ್ಲ. ಮೂಗು ಬಿಟ್ಟ ತಕ್ಷಣ ಕಿತ್ತಳೆ ಬಾಯಿಗೆ ಬರುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕಿಗಳು ಎಣ್ಣೆಯ ಗ್ರಂಥಿಗಳು. ಆ ಎಣ್ಣೆಯಲ್ಲಿ ಶೇ 90ಕ್ಕಿಂತ ಜಾಸ್ತಿ ಲಿಮೊನೀನ್. ಆದರೆ ತಮಾಷೆ ಏನೆಂದರೆ, ಅಷ್ಟೊಂದು ಇದ್ದರೂ ಲಿಮೊನೀನ್ ಒಂದೇ ಕಿತ್ತಳೆಯ ವಾಸನೆ ಕೊಡುವುದಿಲ್ಲ. ಕಿತ್ತಳೆ ಅನ್ನಿಸುವುದು ಹನಿಯಷ್ಟೂ ಇಲ್ಲದ ಆಕ್ಟನಾಲ್, ಡೆಕನಾಲ್, ಸಿನೆನ್ಸಾಲ್ ಇಂಥವುಗಳಿಂದ. ರಸದ ತಾಜಾ ಹಣ್ಣಿನ ಪರಿಮಳಕ್ಕೆ ಈಥೈಲ್ ಬ್ಯುಟನೋಯೇಟ್ ಅನ್ನುವ ಎಸ್ಟರ್ ಮುಖ್ಯ. ಯಾವ ತಳಿಯಲ್ಲಿ ಯಾವುದು ಎಷ್ಟು ಅನ್ನುವುದರ ಮೇಲೆ ಒಂದೊಂದು ತಳಿಗೆ ಒಂದೊಂದು ಮುಖ. ಮೋಸಂಬಿಯ ಪರಿಮಳ ತೆಳು, ಸಿಪ್ಪೆ ಗೀರಿದಾಗ ಮಾತ್ರ ಜೋರು. ಪೈನಾಪಲ್ ಅನ್ನುವ ಸಿಹಿ ಕಿತ್ತಳೆ ತಳಿಗೆ ಆ ಹೆಸರು ಬಂದಿದ್ದೇ ಅದರ ವಾಸನೆಯಿಂದ. ಜ್ಯೂಸ್ ಅಂಗಡಿಯ ಒತ್ತುವ ಯಂತ್ರದಲ್ಲಿ ಸಿಪ್ಪೆ ಸಮೇತ ಹಿಂಡಿದ ರಸ ಘಮಘಮ ಅನ್ನುವುದೂ, ಮನೆಯಲ್ಲಿ ಸಿಪ್ಪೆ ತೆಗೆದು ಮಿಕ್ಸಿಗೆ ಹಾಕಿದ್ದು ಹಾಗನ್ನಿಸದಿರುವುದೂ ಈ ಎಣ್ಣೆಯಿಂದಲೇ.

ತಳಿಗಳನ್ನು ಗುರುತಿಸುವುದು ಹೇಗೆ? ಮೋಸಂಬಿಯ ಮೈ ನುಣುಪಲ್ಲ, ತೊಟ್ಟಿನಿಂದ ಕೆಳಗೆ ಉದ್ದಕ್ಕೆ ತೆಳು ಗೆರೆಗಳು ಇಳಿದಿರುತ್ತವೆ. ಬುಡದಲ್ಲಿ, ಅಂದರೆ ತೊಟ್ಟಿನ ಎದುರು ತುದಿಯಲ್ಲಿ, ಒಂದು ದುಂಡನೆಯ ಉಂಗುರದ ಗುರುತು ಇರುತ್ತದೆ. ತಿರುಳು ತಿಳಿ ಹಳದಿ, ಬೀಜ ಜಾಸ್ತಿ. ನಮಗೆ ಇದು ಬರುವುದು ಹೆಚ್ಚಾಗಿ ಮಹಾರಾಷ್ಟ್ರದ ಜಾಲ್ನಾ, ಸಂಭಾಜಿನಗರ (ಹಿಂದಿನ ಔರಂಗಾಬಾದ್), ಬೀಡ್ ಸೀಮೆಯಿಂದ. ಜಾಲ್ನಾದ ಮೋಸಂಬಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಸಂಭಾಜಿನಗರ, ಬೀಡ್, ಸೊಲ್ಲಾಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 52 ನೇರ ವಿಜಯಪುರಕ್ಕೇ ಬರುತ್ತದೆ, ಲಾರಿಗೆ ಅದಕ್ಕಿಂತ ಸಲೀಸು ದಾರಿ ಬೇರೆ ಇಲ್ಲ. ಸಾತ್‌ಗುಡಿ ಬರುವುದು ಅನಂತಪುರ, ನಲ್ಗೊಂಡ ಕಡೆಯಿಂದ. ಅದರ ಮೈ ನುಣುಪು, ಆಕಾರ ಚೆಂಡಿನ ಹಾಗೆ ದುಂಡಗೆ, ತಿರುಳು ಕೇಸರಿ. ಹುಳಿ ಮೋಸಂಬಿಗಿಂತ ಒಂದು ಗುಲಗಂಜಿ ಜಾಸ್ತಿ. ಎರಡನ್ನೂ ಗಾಡಿಯಲ್ಲಿ ‘ಮೋಸಂಬಿ’ ಅಂತಲೇ ಮಾರುತ್ತಾರೆ, ರೇಟೂ ಒಂದೇ ಇರಬಹುದು. ನನ್ನ ಕೇಳಿದರೆ ಜ್ಯೂಸಿಗೆ ನಾನು ಸಾತ್‌ಗುಡಿಗೇ ಕೈ ಹಾಕುತ್ತೇನೆ, ಅದರ ಆ ಚೂರು ಹುಳಿ ರಸಕ್ಕೆ ಜೀವ ಕೊಡುತ್ತದೆ. ಬಿಡಿಸಿ ತಿನ್ನಲು, ವಯಸ್ಸಾದವರಿಗೆ ಕೊಡಲು ಮೋಸಂಬಿ.

ಸ್ಟಿಕರ್ ಹಣ್ಣುಗಳಲ್ಲಿ ನೇವಲ್ ಗುರುತಿಸುವುದು ಬಹಳ ಸುಲಭ, ತಳದಲ್ಲಿ ಹೊಕ್ಕುಳು ಇರುತ್ತದೆ. ಕೊಯ್ದು ನೋಡಿದರೆ ಅದು ದೊಡ್ಡ ಹಣ್ಣಿನೊಳಗೆ ಕೂತ ಇನ್ನೊಂದು ಪುಟಾಣಿ ಹಣ್ಣು. ಬೀಜ ಇರಲ್ಲ. ಬೀಜ ಇಲ್ಲ ಅಂದ ಮೇಲೆ ಕಸಿ ಮಾಡಿಯೇ ಬೆಳೆಸಬೇಕು. ಬ್ರೆಜಿಲ್‌ನ ಬಹಿಯಾದಿಂದ ಅಮೆರಿಕಕ್ಕೆ ಹೋದ ಈ ತಳಿಯ ಗಿಡಗಳನ್ನು 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಲೈಜಾ ಟಿಬೆಟ್ಸ್ ಅನ್ನುವ ಹೆಂಗಸು ನೆಟ್ಟು ಬೆಳೆಸಿದರು. ಅಲ್ಲಿನ ವಾಷಿಂಗ್ಟನ್ ನೇವಲ್ ತೋಟಗಳಿಗೆಲ್ಲ ಮೂಲ ಅದು, ಅದರಲ್ಲಿ ಒಂದು ಮರ ಇವತ್ತಿಗೂ ಊರಲ್ಲಿ ಇದೆ. ನೇವಲ್‌ನ ಸಿಪ್ಪೆ ದಪ್ಪ, ಸಿಹಿ ಕಿತ್ತಳೆಗಳಲ್ಲಿ ಸಲೀಸಾಗಿ ಬಿಡಿಸಬಹುದಾದದ್ದು ಇದೇ. ತೊಳೆ ಗರಿಗರಿ, ಪರಿಮಳ ತುಂಬು. ವಲೆನ್ಸಿಯಾಕ್ಕೆ ಹೊಕ್ಕುಳು ಇಲ್ಲ, ಸಿಪ್ಪೆ ತೆಳು, ಬೀಜ ಬೆರಳೆಣಿಕೆ, ರಸ ಜಾಸ್ತಿ. ಸ್ಟಿಕರ್ ಮೇಲಿನ ನಾಲ್ಕು ಅಂಕಿಯೂ ಇದನ್ನೇ ಹೇಳುತ್ತದೆ: 3107 ಅಥವಾ 4012 ಇದ್ದರೆ ನೇವಲ್, 3108 ಅಥವಾ 4388 ಇದ್ದರೆ ವಲೆನ್ಸಿಯಾ. ನಮ್ಮಲ್ಲಿಗೆ ಇವು ಈಜಿಪ್ಟ್, ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತವೆ.

ನೇವಲ್ ಕೊಂಡವರು ಒಂದು ಕಡೆ ಪೆಟ್ಟು ತಿನ್ನುತ್ತಾರೆ. ಬೆಳಿಗ್ಗೆ ಜ್ಯೂಸ್ ಹಿಂಡಿ, ಮಕ್ಕಳು ಶಾಲೆಯಿಂದ ಬಂದ ಮೇಲೆ ಕುಡಿಯಲಿ ಅಂತ ಫ್ರಿಜ್‌ನಲ್ಲಿ ಇಡುತ್ತಾರೆ. ಸಂಜೆ ನೋಡಿದರೆ ಕಹಿ. ಮೋಸಂಬಿಯಲ್ಲೂ ಇದೇ ಗೋಳು. ‘ಹಣ್ಣು ಹಾಳಾಗಿತ್ತು’ ಅಂತ ಗಾಡಿಯವರನ್ನು ಬೈಯುವುದು ವಾಡಿಕೆ, ಪಾಪ, ಅವರದ್ದೇನೂ ತಪ್ಪಿಲ್ಲ. ಇಡೀ ಹಣ್ಣಿನಲ್ಲಿ ಲಿಮೊನಿನ್ ಅನ್ನುವ ಕಹಿ ವಸ್ತುವಿನ ಒಂದು ಮೂಲ ರೂಪ ಇರುತ್ತದೆ, ಅದಕ್ಕೆ ರುಚಿಯೇ ಇಲ್ಲ. ಹಿಂಡಿದಾಗ ಜೀವಕೋಶ ಒಡೆದು ಅದು ಹುಳಿ ರಸಕ್ಕೆ ಸೇರುತ್ತದೆ, ಹುಳಿಯಲ್ಲಿ ಕೂತು ಗಂಟೆಗಳು ಕಳೆದಂತೆ ಕಹಿ ಲಿಮೊನಿನ್ ಆಗಿ ಬದಲಾಗುತ್ತದೆ. ವಾಸನೆಯ ಲಿಮೊನೀನ್ ಬೇರೆ, ಕಹಿಯ ಲಿಮೊನಿನ್ ಬೇರೆ, ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ. ಹತ್ತು ಲಕ್ಷ ಪಾಲಿನಲ್ಲಿ ಆರು ಪಾಲು ಇದ್ದರೂ ಎಷ್ಟೋ ಜನರ ನಾಲಿಗೆಗೆ ಕಹಿ ಹತ್ತುತ್ತದೆ. ಬೀಜದಲ್ಲಿ, ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ, ತೊಳೆಯ ಪೊರೆಯಲ್ಲಿ ಅದು ಜಾಸ್ತಿ, ಆದ್ದರಿಂದ ಬೀಜ ಸಮೇತ ಮಿಕ್ಸಿಯಲ್ಲಿ ತಿರುಗಿಸಿದ ರಸ ಬೇಗ ಕಹಿಯಾಗುತ್ತದೆ. ಹಣ್ಣು ಗಿಡದಲ್ಲಿ ಚೆನ್ನಾಗಿ ಬಲಿತಂತೆ ಈ ಗುಣ ತಾನೇ ಕಡಿಮೆಯಾಗುತ್ತದೆ. ವಲೆನ್ಸಿಯಾದಲ್ಲಿ ಇದು ಕಮ್ಮಿ, ಹಾಗಾಗಿ ಡಬ್ಬಿ ಜ್ಯೂಸ್ ಮಾಡುವವರಿಗೆ ಅದು ಬೇಕು, ನೇವಲ್ ಬೇಡ. ಜ್ಯೂಸ್ ಅಂಗಡಿಯವರು ಹಿಂಡಿದ ಕೂಡಲೇ ಕೊಟ್ಟು, ಮೇಲೆ ಕಪ್ಪುಪ್ಪು ಉದುರಿಸುತ್ತಾರಲ್ಲ, ಅದು ಬರೀ ರುಚಿಗಲ್ಲ. ಉಪ್ಪಿನ ಸೋಡಿಯಂ ಕಹಿಯನ್ನು ಒತ್ತಿ ಹಿಡಿಯುತ್ತದೆ, ಸಿಹಿ ಮೇಲೆ ಬರುತ್ತದೆ. ಯಾರು ಕಂಡುಹಿಡಿದರೋ ಗೊತ್ತಿಲ್ಲ, ಮೋಸಂಬಿಗೆ ಹೇಳಿ ಮಾಡಿಸಿದ ಉಪಾಯ. ಹಲ್ಲುಜ್ಜಿದ ಕೂಡಲೇ ಕಿತ್ತಳೆ ಕಹಿ ಅನ್ನಿಸುವುದು ಬೇರೆ ಕಾರಣಕ್ಕೆ. ಪೇಸ್ಟಿನ ನೊರೆ ಬರಿಸುವ ವಸ್ತು ಸ್ವಲ್ಪ ಹೊತ್ತು ಸಿಹಿಯನ್ನು ಮಂಕು ಮಾಡುತ್ತದೆ.

ರಸ ಎಷ್ಟು ಅನ್ನುವುದು ಕೈಯಲ್ಲೇ ತಿಳಿಯುತ್ತದೆ. ಒಂದೇ ಗಾತ್ರದ ಎರಡು ಹಣ್ಣನ್ನು ಎರಡು ಕೈಯಲ್ಲಿ ಹಿಡಿಯಿರಿ, ಭಾರ ಇದ್ದದ್ದನ್ನು ಇಟ್ಟುಕೊಳ್ಳಿ. ಹಗುರ ಇದೆ ಅಂದರೆ ಸಿಪ್ಪೆ ದಪ್ಪ ಇರಬೇಕು, ಇಲ್ಲ ಒಳಗೆ ರಸದ ಕೋಶಗಳು ಒಣಗಿರಬೇಕು. ಈ ಒಣಗುವುದು ಕಿತ್ತಳೆಯ ದೊಡ್ಡ ಕಾಯಿಲೆ. ತೊಟ್ಟಿನ ಕಡೆಯ ತೊಳೆಗಳು ಬಿಳಿಚಿ, ಗಟ್ಟಿಯಾಗಿ, ಅಗಿದರೆ ನಾರು ಮಾತ್ರ ಸಿಗುತ್ತದೆ. ಎಳೆ ಗಿಡದ ತೀರಾ ದೊಡ್ಡ ಹಣ್ಣಿನಲ್ಲಿ, ಕೊಯ್ಲು ತಡವಾದ ಹಣ್ಣಿನಲ್ಲಿ ಇದು ಜಾಸ್ತಿ. ಹಾಗಾಗಿ ದೊಡ್ಡದು ನೋಡಿ ಆರಿಸುವ ಚಾಳಿ ಬಿಡುವುದು ಒಳ್ಳೆಯದು, ಮಧ್ಯಮ ಗಾತ್ರಕ್ಕೆ ಮೋಸ ಕಮ್ಮಿ. ಮನೆಯಲ್ಲಿ ತಕ್ಕಡಿ ಇದ್ದರೆ ಕೋಡೆಕ್ಸ್‌ನ ಪರೀಕ್ಷೆ ನೀವೂ ಮಾಡಬಹುದು. 200 ಗ್ರಾಂ ಮೋಸಂಬಿಯಿಂದ ಕೈಯಲ್ಲಿ ಹಿಂಡಿದ ರಸ 66 ಗ್ರಾಂ ದಾಟಬೇಕು. ನೇವಲ್‌ಗೂ ಶೇ 33 ಸಾಕು, ಬ್ಲಡ್ ಆರೆಂಜ್‌ಗೆ ಶೇ 30. ಬಣ್ಣ ಬಂದ ವಲೆನ್ಸಿಯಾದಂಥ ತಳಿಗಳಿಗೆ ಶೇ 35.

ಸಿಪ್ಪೆಯ ಮೇಲಿನ ಕಂದು ಗೀರು, ಒರಟು ಕಲೆಗಳಿಗೆ ಹೆದರಬೇಡಿ. ಥ್ರಿಪ್ಸ್ ಅನ್ನುವ ಸಣ್ಣ ಕೀಟ, ನುಸಿ ಎಳೆ ಕಾಯಿಯನ್ನು ಕೆರೆದ ಗಾಯ ಅದು, ಒಳಗೆ ಮುಟ್ಟಿರುವುದಿಲ್ಲ. ಒದ್ದೆ ಇಬ್ಬನಿಯಲ್ಲಿ ಕೊಯ್ದು ಒರಟಾಗಿ ಬುಟ್ಟಿಗೆ ಎಸೆದರೆ ಎಣ್ಣೆ ಗ್ರಂಥಿ ಒಡೆದು ಸಿಪ್ಪೆ ಸುಟ್ಟ ಹಾಗೆ ಕಲೆ ಬೀಳುತ್ತದೆ, ಅದೂ ರುಚಿಗೆ ಸಂಬಂಧ ಇಲ್ಲದ್ದು. ಹೆದರಬೇಕಾದದ್ದು ತೊಟ್ಟಿನ ಹತ್ತಿರ ಮೆತ್ತಗಾದ ಜಾಗಕ್ಕೆ, ಹಸಿರು ಅಥವಾ ಬಿಳಿ ಬೂಷ್ಟಿಗೆ.

ಒಂದೇ ತೋಟದ, ಒಂದೇ ತಳಿಯ ಹಣ್ಣಿನಲ್ಲೂ ರುಚಿ ಯಾಕೆ ಬೇರೆ? ಬಾಗಲಕೋಟೆ ಕಡೆಯ ದಾಳಿಂಬೆಯವರಿಗೆ ಬಹಾರದ, ಅಂದರೆ ಹೂ ತರಿಸುವ ಹಂಗಾಮಿನ ಲೆಕ್ಕ ಚೆನ್ನಾಗಿ ಗೊತ್ತು: ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ. ಮೋಸಂಬಿಗೂ ಅದೇ ಲೆಕ್ಕ. ನೀರು ನಿಲ್ಲಿಸಿ ಗಿಡವನ್ನು ಬಾಡಿಸಿ, ಆಮೇಲೆ ನೀರು ಕೊಟ್ಟು ಹೂ ತರಿಸುತ್ತಾರೆ. ಜನವರಿ–ಫೆಬ್ರವರಿಯ ಅಂಬೆ ಬಹಾರದ ಕಾಯಿ ಮಳೆಗಾಲದಲ್ಲಿ ಬೆಳೆಯುತ್ತದೆ, ಜೂನ್–ಜುಲೈನ ಮೃಗ ಬಹಾರದ್ದು ಒಣ ಹವೆಯಲ್ಲಿ ಹಣ್ಣಾಗುತ್ತದೆ. ಕೊಯ್ಲಿನ ಮುಂಚೆ ಜೋರು ಮಳೆ ಬಿದ್ದರೆ ಅಥವಾ ತೂಕ ಬರಲಿ ಅಂತ ಜಾಸ್ತಿ ನೀರು ಬಿಟ್ಟರೆ ರಸ ತೆಳ್ಳಗಾಗುತ್ತದೆ, ಮಳೆಗಾಲದ ಮೋಸಂಬಿಯಲ್ಲಿ ಸಪ್ಪೆ ಹಣ್ಣು ಸಿಗುವುದಕ್ಕೆ ಇದು ಒಂದು ಕಾರಣ. ಕಸಿಯ ಬೇರಿನ ಗಿಡವೂ ರುಚಿ ತಿದ್ದುತ್ತದೆ. ಜಂಬೇರಿ ಅನ್ನುವ ಒರಟು ಲಿಂಬೆಯ ಬೇರಿನ ಮೇಲೆ ಕಟ್ಟಿದ ಗಿಡ ಹುಲುಸಾಗಿ ಬೆಳೆದು ಹಣ್ಣು ದಂಡಿಯಾಗಿ ಕೊಡುತ್ತದೆ, ಆದರೆ ಸಿಪ್ಪೆ ದಪ್ಪ, ಬ್ರಿಕ್ಸ್ ಸ್ವಲ್ಪ ಕಮ್ಮಿ. ರೈತನಿಗೆ ದುಡ್ಡು ಬರುವುದು ತೂಕಕ್ಕೆ, ಬ್ರಿಕ್ಸ್‌ಗೆ ಅಲ್ಲ. ಕೊಳ್ಳುವವರು ರುಚಿಗೆ ದುಡ್ಡು ಕೊಡುವ ತನಕ ಇದು ಬದಲಾಗುವುದು ಅನುಮಾನ.

ಇನ್ನು ಒಂದೇ ಮರದಲ್ಲಿ ಹೊರಗೆ ಬಿಸಿಲಿಗೆ ಬಿದ್ದ ಹಣ್ಣು ಒಳಗಿನ ನೆರಳಿನ ಹಣ್ಣಿಗಿಂತ ಸಿಹಿ. ಒಂದೇ ಹಣ್ಣಿನಲ್ಲೂ ತಳದ ಅರ್ಧ ತೊಟ್ಟಿನ ಅರ್ಧಕ್ಕಿಂತ ಸಿಹಿ. ಇದನ್ನು ನಂಬದಿದ್ದರೆ ಒಂದು ಹಣ್ಣು ಅಡ್ಡಕ್ಕೆ ಕೊಯ್ದು ಎರಡೂ ಕಡೆ ತಿಂದು ನೋಡಿ. ರುಚಿ ನೋಡಿ ಅಂತ ಗಾಡಿಯವರು ಚೂರು ಕೊಟ್ಟರೆ ಅದು ಯಾವ ಕಡೆಯದು ಅಂತ ಕಣ್ಣಿಡಿ, ತೊಟ್ಟಿನ ಕಡೆಯದೇ ಚೆನ್ನಾಗಿದ್ದರೆ ಧೈರ್ಯವಾಗಿ ಎರಡು ಕಿಲೋ ಹಾಕಿಸಿಕೊಳ್ಳಿ.

ಮನೆಗೆ ತಂದ ಮೇಲೆ? ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ದಾಟುತ್ತದೆ, ಗಾಳಿಯಲ್ಲಿ ತೇವ ಇರಲ್ಲ, ಹೊರಗಿಟ್ಟ ಮೋಸಂಬಿಯ ಸಿಪ್ಪೆ ಕೆಲವೇ ದಿನದಲ್ಲಿ ಚರ್ಮದ ಹಾಗೆ ಬಿರುಸಾಗುತ್ತದೆ. ರಸ ಅಷ್ಟು ಬೇಗ ಒಣಗದಿದ್ದರೂ ಹಿಂಡುವುದು ಕಷ್ಟ. ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಇಟ್ಟರೆ ಎರಡು ಮೂರು ವಾರ ತೊಂದರೆ ಇಲ್ಲ. ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿ ಇಡಬೇಡಿ, ಬೂಷ್ಟು ಬರುತ್ತದೆ. ಸ್ಟಿಕರ್ ಹಣ್ಣಿನ ಮೇಲಿನ ಮೇಣ ನೀರು ಆರದಂತೆ ತಡೆಯಲು ಹಾಕಿದ್ದು. ಜೇನುಮೇಣ, ಕಾರ್ನೌಬಾ ಮೇಣ, ಅರಗಿನಿಂದ ತೆಗೆದ ಶೆಲ್ಯಾಕ್‌ಗೆ ನಮ್ಮಲ್ಲಿ ಅನುಮತಿ ಇದೆ. ಆದರೆ ಮೇಣದ ಪದರ ದಪ್ಪವಾಗಿ, ಹಣ್ಣು ಬೆಚ್ಚಗಿನ ಜಾಗದಲ್ಲಿ ಬಹಳ ದಿನ ಕೂತರೆ ಒಳಗೆ ಗಾಳಿ ಆಡದೆ ಆಲ್ಕೋಹಾಲ್ ಸೇರಿಕೊಳ್ಳುತ್ತದೆ, ಬಿಡಿಸಿದಾಗ ಹುದುಗಿದ ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಬಹಳ ದಿನ ಇಟ್ಟುಕೊಂಡು ಉಪಯೋಗ ಇಲ್ಲ. ತಿನ್ನುವ ಅರ್ಧ ಗಂಟೆ ಮುಂಚೆ ಹಣ್ಣನ್ನು ಫ್ರಿಜ್‌ನಿಂದ ಹೊರಗೆ ತೆಗೆದಿಡಿ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಕಮ್ಮಿ ಕಾಣುತ್ತದೆ, ಪರಿಮಳವೂ ಮೂಗಿಗೆ ಏರುವುದಿಲ್ಲ. ಇರುವುದೇ ಹತ್ತು ಬ್ರಿಕ್ಸ್ ಆದ ಮೋಸಂಬಿಗೆ ಈ ಅರ್ಧ ಗಂಟೆ ಬೇರೆ ಎಲ್ಲಾ ತಳಿಗಿಂತ ಜಾಸ್ತಿ ಬೇಕು.